ಪಿಪಿಟಿಗೆ ಮೊದಲು ಕೀರ್ದಿ: ಮಾರ್ಗದರ್ಶಕ ಸಂಸ್ಥೆಗೆ ಅರ್ಜಿ ಹಾಕುವ ಸಣ್ಣ ಉದ್ಯಮಿಗೆ ಸಮಗ್ರ ಮಾರ್ಗದರ್ಶಿ

ಸಣ್ಣ ಉದ್ಯಮಿಗಳ ಕೈಹಿಡಿದು ನಡೆಸುವ ಲಾಭರಹಿತ ಸಂಸ್ಥೆಗಳಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಅರ್ಜಿ ಹೋಗುತ್ತಲೇ ಇರುತ್ತವೆ. ಫೋಟೊ ಚಲೋ ಇರುತ್ತವೆ, ಕನಸು ದೊಡ್ಡದಿರುತ್ತದೆ, ಯಾರೋ ಮಾಡಿಕೊಟ್ಟ ಪಿಪಿಟಿಯೂ (ಪರದೆಯ ಮೇಲೆ ತೋರಿಸುವ ಸ್ಲೈಡುಗಳು) ಇರುತ್ತದೆ. ಸಂದರ್ಶನದಲ್ಲಿ ಎದುರು ಕೂತವರು ಒಂದು ಸರಳ ಪ್ರಶ್ನೆ ಕೇಳುತ್ತಾರೆ: "ಅಕ್ಕಾರ, ಒಂದ್ ರೊಟ್ಟಿಗಿ ಎಷ್ಟ್ ಉಳೀತೈತ್ರಿ?" ಉತ್ತರ: "ಛಲೋ ಉಳೀತೈತ್ರಿ." ಅರ್ಜಿ ಬಿದ್ದುಹೋಗುವುದು ಅಲ್ಲಿ.

ಕೆಲಸದ ಕ್ರಮ ತಿರುವುಮುರುವಾಗಿರುವುದೇ ಇದಕ್ಕೆ ಕಾರಣ. ಮೊದಲು ಅರ್ಜಿ, ಆಮೇಲೆ ಕಾಗದಪತ್ರ, ಕೊನೆಗೆ ಲೆಕ್ಕ ಎಂದು ಹೊರಡುತ್ತಾರೆ. ಕೆಳಗಿನ ಹಂತಗಳು ಲೆಕ್ಕದಿಂದ ಶುರುವಾಗಿ ಅರ್ಜಿಗೆ ಬರುತ್ತವೆ. ಮೊದಲ ಮೂರು ಹಂತ ಮುಗಿಯದೆ ಏಳನೆಯದಕ್ಕೆ ಜಿಗಿಯಬೇಡಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಕೀರ್ದಿಗೆ, ಅಂದರೆ ದಿನದ ಜಮಾಖರ್ಚು ಬರೆಯಲು, 200 ಪುಟದ ಒಂದು ಉದ್ದ ಬಹಿ, ಬಿಲ್ಲು ಹಾಕಿಡಲು ಒಂದು ಫೈಲು, ತೂಕದ ಯಂತ್ರ, ಕೈಗಡಿಯಾರ ಅಥವಾ ಫೋನು, ವ್ಯಾಪಾರಕ್ಕೇ ಮೀಸಲಾದ ಒಂದು ಬ್ಯಾಂಕ್ ಖಾತೆ. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ. ಸಮಯ ಮಾತ್ರ ಬೇಕು, ಕನಿಷ್ಠ ಮೂರು ತಿಂಗಳು.

## ಹೊರಡುವ ಮೊದಲು: ಇವರು ಏನು ಕೊಡುತ್ತಾರೆ, ಏನು ಕೊಡುವುದಿಲ್ಲ

ಮಾರ್ಗದರ್ಶಕ ಸಂಸ್ಥೆ ಸಾಲ ಕೊಡುವ ಬ್ಯಾಂಕಲ್ಲ. ಅದು ಕೊಡುವುದು ಅನುಭವಿಗಳ ಸಮಯ, ತರಬೇತಿ, ಪರಿಚಯ, ಕೆಲವೊಮ್ಮೆ ಬ್ಯಾಂಕಿಗೆ ಅಥವಾ ಖರೀದಿದಾರರಿಗೆ ದಾರಿ. ಮಾರ್ಗದರ್ಶಕರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಸ್ವಂತ ಉದ್ಯಮ ಅಥವಾ ನೌಕರಿ ಇಟ್ಟುಕೊಂಡು ತಿಂಗಳಿಗೆ ಒಂದೆರಡು ತಾಸು ಬಿಡುವು ಮಾಡಿಕೊಂಡು ಬರುವವರು. ಆ ತಾಸನ್ನು "ಸರ್, ಏನ್ ಮಾಡೂಣ್ರಿ?" ಎಂದು ಶುರು ಮಾಡಿದರೆ ಅರ್ಧ ಸಮಯ ನಿಮ್ಮ ಧಂದೆ ಏನೆಂದು ತಿಳಿಯುವುದರಲ್ಲೇ ಹೋಗುತ್ತದೆ.

ನಿಮಗೆ ಬೇಕಿರುವುದು ಬರೀ ರೊಕ್ಕ ಎಂದಾದರೆ ಈ ದಾರಿಯೇ ಬೇಡ. ನೇರವಾಗಿ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪಿಎಂಇಜಿಪಿ (ಹೊಸ ಘಟಕಕ್ಕೆ ಸಹಾಯಧನ ಸಹಿತ ಸಾಲ), ಮುದ್ರಾ (ಸಣ್ಣ ಧಂದೆಯ ಸಾಲ) ಬಗ್ಗೆ ಕೇಳಿ. ಆಹಾರ ಸಂಸ್ಕರಣೆಯವರು ಕಿರು ಆಹಾರ ಘಟಕಗಳ ಯೋಜನೆ ವಿಚಾರಿಸಿ. ಅದರ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಬೆಳಗಾವಿಗೆ ಬೆಲ್ಲ, ಬಾಗಲಕೋಟೆಗೆ ಈರುಳ್ಳಿ, ವಿಜಯಪುರಕ್ಕೆ ಲಿಂಬೆ ಇದೆ. ಸಹಾಯಧನದ ಮಿತಿ, ಅವಧಿ ಆಗಾಗ ಬದಲಾಗುವುದರಿಂದ ಹಳೆಯ ವಾಟ್ಸಾಪ್ ಸಂದೇಶ ನಂಬಿ ಹೊರಡಬೇಡಿ.

## ಹಂತ 1: ಮೂರು ತಿಂಗಳ ಕೀರ್ದಿ

ದಿನಕ್ಕೊಂದು ಪುಟ. ಕಾಲಮ್‌ಗಳು ಇವಿಷ್ಟು ಸಾಕು: ಯಾರಿಂದ ಅಥವಾ ಯಾರಿಗೆ, ಯಾತಕ್ಕೆ, ಬಂದದ್ದು, ಹೋದದ್ದು, ಮತ್ತು ರೋಖ, ಯುಪಿಐ, ಉದ್ರಿ ಇವುಗಳಲ್ಲಿ ಯಾವುದು. ರಾತ್ರಿ ಅಂಗಡಿ ಮುಚ್ಚುವಾಗ ಪೆಟ್ಟಿಗೆಯ ರೊಕ್ಕ ಎಣಿಸಿ ಪುಟದ ಕೆಳಗೆ ಬರೆಯಿರಿ. ಬರೆದ ಶಿಲ್ಕಿಗೂ (ಉಳಿಕೆಗೂ) ಎಣಿಸಿದ ಶಿಲ್ಕಿಗೂ ತಾಳೆ ಬೀಳದಿದ್ದರೆ ಆ ರಾತ್ರಿಯೇ ಹುಡುಕಿ. ಮಾರನೆಯ ದಿನ ನೆನಪಾಗುವುದಿಲ್ಲ.

ತಿಂಗಳ ಕೊನೆಗೆ ಬ್ಯಾಂಕಿನ ಹೇಳಿಕೆಯನ್ನು ಕೀರ್ದಿಯ ಪಕ್ಕ ಇಟ್ಟು ಸಾಲು ಸಾಲಾಗಿ ಗುರುತು ಹಾಕಿ. ತಿಂಗಳ ಮಾರಾಟದಲ್ಲಿ ನೂರಕ್ಕೆ ಎರಡರೊಳಗಿನ ವ್ಯತ್ಯಾಸವಿದ್ದರೆ ಮುಂದೆ ಹೋಗಬಹುದು. ಅದಕ್ಕಿಂತ ಹೆಚ್ಚಿದ್ದರೆ ಎಲ್ಲೋ ಒಂದು ಅಭ್ಯಾಸ ತಪ್ಪಿದೆ ಎಂದರ್ಥ.

ಆ ಅಭ್ಯಾಸ ಸಾಮಾನ್ಯವಾಗಿ ಮನೆ ಮತ್ತು ಧಂದೆ ಕೂಡಿಸಿ ಇಡುವುದು. ಅಂಗಡಿಯ ಕ್ಯೂಆರ್ ಮಗನ ಖಾತೆಗೆ ಜೋಡಿಸಿರುತ್ತಾರೆ; ಆತ ಅದರಿಂದಲೇ ಗಾಡಿಗೆ ಪೆಟ್ರೋಲ್ ಹಾಕಿಸುತ್ತಾನೆ. ಮೊದಲು ಆ ಕ್ಯೂಆರ್ ಬದಲಿಸಿ. ಚಾಲ್ತಿ ಖಾತೆ ತೆರೆಯುವುದು ಸರಿಯಾದ ದಾರಿ. ಮನೆಗೆ ರೊಕ್ಕ ತೆಗೆದುಕೊಳ್ಳಬಾರದು ಎಂದೇನಿಲ್ಲ, 'ಮನೆಗೆ' ಎಂದು ಬರೆದು ತೆಗೆದುಕೊಳ್ಳಿ. ಎರಡು ಕಿಲೊ ಜೋಳ ಅಡುಗೆಮನೆಗೆ ಹೋದರೂ ಅದು ಬಹಿಯಲ್ಲಿ ಕಾಣಬೇಕು.

ಹಂಗಾಮಿನ ಧಂದೆಯವರಿಗೆ ಮೂರು ತಿಂಗಳು ಸಾಲದು. ಬೆಲ್ಲದ ಗಾಣ ಕಬ್ಬಿನ ಹಂಗಾಮಿನಲ್ಲಿ ಮಾತ್ರ ತಿರುಗುತ್ತದೆ, ಒಣದ್ರಾಕ್ಷಿಯ ಶೆಡ್ಡು ಬೇಸಿಗೆಯಲ್ಲಿ ತುಂಬುತ್ತದೆ. ಇವರು ಒಂದು ಪೂರ್ತಿ ಹಂಗಾಮು, ಅದರ ನಂತರ ಮಾಲು ಮಾರಿಹೋಗುವವರೆಗೂ ಬರೆಯಬೇಕು. ಮಾರ್ಚ್‌ನಲ್ಲಿ ಶ್ರೀಮಂತನಾಗಿ ಕಾಣುವ ಗಾಣದವನು ಆಗಸ್ಟ್‌ನಲ್ಲಿ ಕೈಗಡ ಎತ್ತುತ್ತಿರುತ್ತಾನೆ. ಮಾರ್ಗದರ್ಶಕರಿಗೆ ಆಗಸ್ಟ್‌ನ ಪುಟವೂ ಬೇಕು.

ಎಚ್ಚರಿಕೆಯ ಚಿಹ್ನೆ: ಕೀರ್ದಿಯ ಎಲ್ಲ ಪುಟಗಳೂ ಒಂದೇ ಪೆನ್ನಿನಲ್ಲಿ, ಒಂದೇ ಅಂದವಾದ ಕೈಬರಹದಲ್ಲಿ, ಒಂದೂ ಕಾಟು ಇಲ್ಲದೆ ಇದ್ದರೆ ಅದು ಕಳೆದ ವಾರ ಕೂತು ಬರೆದದ್ದೆಂದು ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಎಣ್ಣೆಯ ಕಲೆ ಇದ್ದರೂ ಪರವಾಗಿಲ್ಲ, ಖರೆ ಬಹಿಯನ್ನೇ ಒಯ್ಯಿರಿ.

## ಹಂತ 2: ಒಂದು ನಗದ (ಒಂದು ಪೀಸಿನ) ಖರೆ ಬೆಲೆ

ಇಡೀ ಮಾರ್ಗದರ್ಶಿಯ ತಿರುಳು ಈ ಹಂತದಲ್ಲಿದೆ. ಜೋಳದ ರೊಟ್ಟಿಯ ಘಟಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೆಳಗಿನ ದರಗಳು ಲೆಕ್ಕ ತೋರಿಸಲು ಹಾಕಿದವು. ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಜೋಳ ಕಿಲೊಗೆ 50 ರೂಪಾಯಿ, ಕಿಲೊಗೆ 20 ರೊಟ್ಟಿ ಎಂದಿಟ್ಟುಕೊಂಡರೆ ಒಂದು ರೊಟ್ಟಿಗೆ ಜೋಳ 2.50. ಬೀಸುವುದಕ್ಕೆ 0.25. ಬಡಿಯುವ ಕೂಲಿ 1.50. ಗ್ಯಾಸು 0.45. ಪ್ಯಾಕಿಂಗ್ 0.50. ಸಾಗಣೆ 0.40. ಮುರಿದದ್ದು ಮತ್ತು ವಾಪಸ್ ಬಂದದ್ದು 0.30. ಒಟ್ಟು 5.90. ಅಂಗಡಿಗೆ 7 ರೂಪಾಯಿಗೆ ಕೊಟ್ಟರೆ ರೊಟ್ಟಿಗೆ 1.10 ಉಳಿಯುತ್ತದೆ. ದಿನಕ್ಕೆ 500 ರೊಟ್ಟಿ, ತಿಂಗಳಿಗೆ 26 ದಿನ ಎಂದರೆ 14,300 ರೂಪಾಯಿ.

ಹೆಚ್ಚಿನವರು ಇಲ್ಲಿಗೆ ಪೆನ್ನು ಇಡುತ್ತಾರೆ. ಇನ್ನೂ ಮುಗಿದಿಲ್ಲ. ಬಾಡಿಗೆ 3,000, ಕರೆಂಟು ಮತ್ತು ಫೋನು 1,300 ತೆಗೆದರೆ ಉಳಿಯುವುದು 10,000. ಬೆಳಗಿನಿಂದ ಸಂಜೆವರೆಗೆ ಒಲೆ ಮುಂದೆ ನಿಲ್ಲುವ ಮಾಲಕಿಯ ಪಗಾರ ಎಲ್ಲಿ? ತಿಂಗಳಿಗೆ ಬರೀ 12,000 ಎಂದು ಬರೆದರೂ ಘಟಕ 2,000 ರೂಪಾಯಿ ತೂತಿನಲ್ಲಿದೆ. ತಿಂಗಳ ಖಾಯಂ ಖರ್ಚು 16,300 ಆಯಿತು, ಅದನ್ನು 1.10ರಿಂದ ಭಾಗಿಸಿದರೆ ಸುಮಾರು 14,820 ರೊಟ್ಟಿ, ಅಂದರೆ ದಿನಕ್ಕೆ 570. ಐನೂರಕ್ಕೂ ಐನೂರಾ ಎಪ್ಪತ್ತಕ್ಕೂ ನಡುವಿನ ಆ 70 ರೊಟ್ಟಿ ನಿಮಗೆ ಗೊತ್ತಿದ್ದರೆ ಸಂದರ್ಶನದ ಅರ್ಧ ದಾರಿ ದಾಟಿದಂತೆ.

ತೂಕ, ಎಣಿಕೆ ಎಲ್ಲವನ್ನೂ ಅಂದಾಜಿಗೆ ಬಿಡದೆ ಮೂರು ದಿನ ಅಳೆಯಿರಿ. ಹತ್ತು ಕಿಲೊ ಹಿಟ್ಟು ತೂಗಿ ಕೊಟ್ಟು ಎಷ್ಟು ರೊಟ್ಟಿ ಬಂತು, ಎಷ್ಟು ಮುರಿದವು ಎಣಿಸಿ. ಗ್ಯಾಸ್ ಸಿಲಿಂಡರ್ ಮೇಲೆ ಜೋಡಿಸಿದ ದಿನಾಂಕ ಬರೆದು, ಖಾಲಿಯಾಗುವವರೆಗೆ ಆದ ರೊಟ್ಟಿ ಲೆಕ್ಕ ಹಾಕಿ. ಹೊಸ ಜೋಳಕ್ಕೂ ಹಳೆ ಜೋಳಕ್ಕೂ ಹಿಟ್ಟಿನ ಜಿಗುಟು ಬೇರೆ. ಮುರಿಯುವ ಲೆಕ್ಕವೂ ಬೇರೆ ಬರುತ್ತದೆ.

ಬೇರೆ ಧಂದೆಗಳಲ್ಲಿ ತಪ್ಪು ಬೇರೆ ಜಾಗದಲ್ಲಿ ಅಡಗಿರುತ್ತದೆ.

ಇಳಕಲ್ ಸೀರೆಯ ನೇಕಾರರು ನೂಲು, ಬಣ್ಣ, ನೇಯುವ ದಿನಗಳನ್ನು ಎಣಿಸುತ್ತಾರೆ. ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು, ಅದನ್ನು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ ಮಾಡುವುದರಿಂದ, ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಆ ತಾಸುಗಳನ್ನೂ ಕೂಲಿ ದರದಲ್ಲಿ ಸೇರಿಸಿ.

ಬೆಳಗಾವಿ ಉದ್ಯಮಬಾಗದ ಸಣ್ಣ ಮಶೀನ್ ಶಾಪ್‌ನವರು ಬಿಡಿಭಾಗ ಕೊರೆಯುವ ಸಮಯ ಹೇಳುತ್ತಾರೆ, ಸೆಟ್ಟಿಂಗ್ ಸಮಯ (ಯಂತ್ರ ಅಣಿ ಮಾಡುವುದು) ಮರೆಯುತ್ತಾರೆ. ಸೆಟ್ಟಿಂಗ್‌ಗೆ 40 ನಿಮಿಷ ಹಿಡಿದರೆ, 200 ನಗದ ಆರ್ಡರಿನಲ್ಲಿ ಅದು ನಗಕ್ಕೆ 12 ಸೆಕೆಂಡು. 10 ನಗದ ಆರ್ಡರಿನಲ್ಲಿ ನಗಕ್ಕೆ 4 ನಿಮಿಷ. ಎರಡಕ್ಕೂ ಒಂದೇ ದರ ಹೇಳಿದವರು ಸಣ್ಣ ಆರ್ಡರಿನಲ್ಲಿ ಕೈಯಿಂದ ಹಾಕುತ್ತಿರುತ್ತಾರೆ.

ಒಣದ್ರಾಕ್ಷಿಯಲ್ಲಿ ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿಗೆ ಒಂದು ಕಿಲೊ ಬರುತ್ತದೆ; ಬೆಲ್ಲದಲ್ಲಿ ನೂರು ಕಿಲೊ ಕಬ್ಬಿಗೆ ಹತ್ತರಿಂದ ಹನ್ನೆರಡು ಕಿಲೊ. ಸ್ವಂತ ಹೊಲದ ಕಬ್ಬು ಎಂದು ಅದರ ಬೆಲೆ ಸೊನ್ನೆ ಹಾಕುವುದು ಇಲ್ಲಿಯ ದೊಡ್ಡ ತಪ್ಪು. ಕಾರ್ಖಾನೆಗೆ ಹಾಕಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಕಬ್ಬಿನ ಖರ್ಚೆಂದು ಬರೆಯಿರಿ. ಗಾಣ ನಿಜಕ್ಕೂ ದುಡಿಯುತ್ತಿದೆಯೋ, ಹೊಲದ ಗಳಿಕೆಯನ್ನು ಗಾಣ ತಿನ್ನುತ್ತಿದೆಯೋ ಎಂಬುದು ಆಗ ಬಯಲಾಗುತ್ತದೆ.

## ಹಂತ 3: ಉದ್ರಿಯ ಲೆಕ್ಕ

ಮತ್ತೆ ಅದೇ ರೊಟ್ಟಿ. ಜೋಳ ರೋಖ ಕೊಟ್ಟು ತರಬೇಕು, ಕೂಲಿ ವಾರವಾರ ಕೊಡಬೇಕು. ಅಂಗಡಿಯವರು ತಿಂಗಳು ಬಿಟ್ಟು ಕೊಡುತ್ತಾರೆ. ತಿಂಗಳ 13,000 ರೊಟ್ಟಿಗೆ 5.90ರಂತೆ 76,700 ರೂಪಾಯಿ ನಿಮ್ಮ ಕೈಯಿಂದ ಹೋದ ಮೇಲೆಯೇ ಮೊದಲ ರೊಕ್ಕ ಒಳಗೆ ಬರುವುದು. ಆರ್ಡರ್ ದುಪ್ಪಟ್ಟಾದರೆ 1,53,400. ವ್ಯಾಪಾರ ಬೆಳೆದಂತೆಲ್ಲ ಕೈ ಖಾಲಿಯಾಗುವುದು ಯಾಕೆಂದು ಗೊಂದಲವಾಗುವವರು ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಒಂದು ಹಾಳೆಯಲ್ಲಿ ಗಿರಾಕಿಗಳ ಖತಾವಣಿ ಮಾಡಿ: ಹೆಸರು, ಬಾಕಿ, ಎಷ್ಟು ದಿನ ಆಯಿತು. ಮೂವತ್ತು ದಿನದೊಳಗಿನದು, ಮೂವತ್ತರಿಂದ ಅರವತ್ತು, ಅರವತ್ತು ದಾಟಿದ್ದು ಎಂದು ಮೂರು ಭಾಗ. ತೊಂಬತ್ತು ದಿನ ದಾಟಿದ ಬಾಕಿಯನ್ನು ಆಸ್ತಿ ಎಂದು ಅರ್ಜಿಯಲ್ಲಿ ತೋರಿಸಬೇಡಿ.

ಕಂಪನಿಗಳಿಗೆ ಮಾಲು ಕೊಡುವವರಿಗೆ ಇಲ್ಲಿ ಕಾನೂನಿನ ಆಸರೆಯೂ ಇದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸರ್ಕಾರದ ಉದ್ಯಮ್ ತಾಣದಲ್ಲಿ ನೋಂದಣಿ ಇರುವ ಕಿರು ಮತ್ತು ಸಣ್ಣ ಘಟಕಕ್ಕೆ ಖರೀದಿದಾರರು ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬೀದಿಯ ಕಿರಾಣಿ ಅಂಗಡಿಯವನ ಮುಂದೆ ಈ ಕಾಯ್ದೆ ಓದಿದರೆ ಬಾಕಿಯೂ ಬರುವುದಿಲ್ಲ, ಗಿರಾಕಿಯೂ ಉಳಿಯುವುದಿಲ್ಲ. ಉದ್ಯಮಬಾಗದ ಜಾಬ್‌ವರ್ಕ್‌ನವರಿಗೆ ಮಾತ್ರ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೇ ಎಷ್ಟೋ ಕೆಲಸ ಆಗುತ್ತದೆ.

## ಹಂತ 4: ತೊಂದರೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಮಾರ್ಕೆಟಿಂಗ್ ಸಮಸ್ಯೆ ಇದೆ" ಎನ್ನುವುದು ತೊಂದರೆಯ ಹೆಸರಲ್ಲ. ಆ ವಾಕ್ಯ ನೋಡಿದರೆ ಯಾವ ಮಾರ್ಗದರ್ಶಕರನ್ನು ಜೋಡಿಸಬೇಕೆಂದು ಸಂಸ್ಥೆಗೆ ತಿಳಿಯುವುದಿಲ್ಲ. ಹೀಗಿರಲಿ: "ದಿನಕ್ಕೆ 500 ರೊಟ್ಟಿ ಮಾರುತ್ತೇವೆ, 570 ಮಾರಿದರೆ ನನ್ನ ಪಗಾರ ಹೊರಡುತ್ತದೆ; ಬೇಡಿಕೆ ಇದೆ, ಆದರೆ ಎಂಟು ಅಂಗಡಿಗಳೂ ತಿಂಗಳ ಉದ್ರಿ ಕೇಳುವುದರಿಂದ ಹೆಚ್ಚಿನ ಜೋಳ ತರಲು ರೊಕ್ಕವಿಲ್ಲ."

ವಾಕ್ಯದಲ್ಲಿ ಎರಡು ಅಂಕಿ, ಒಂದು ಅಡ್ಡಿ ಇರಬೇಕು. ಬರೆದಾದ ಮೇಲೆ ಧಂದೆ ಗೊತ್ತಿಲ್ಲದ ಸಂಬಂಧಿಕರೊಬ್ಬರಿಗೆ ಓದಿಸಿ. ಅವರು ತಿರುಗಿ "ಹಂಗಾರ ಅಂಗಡಿ ಬ್ಯಾಡ, ಖಾನಾವಳಿಗೆ ಕೊಡ್ರಲ್ಲ" ಎಂದು ಸಲಹೆ ಕೊಡಲು ಶುರು ಮಾಡಿದರೆ ವಾಕ್ಯ ಸರಿಯಾಗಿದೆ. "ಹೌದೇನ್ರಿ, ಛಲೋ ಆತು" ಎಂದರೆ ಮತ್ತೆ ಬರೆಯಿರಿ.

## ಹಂತ 5: ಯಾವ ಬಾಗಿಲು ತಟ್ಟಬೇಕು

ಎಲ್ಲ ಸಂಸ್ಥೆಗಳೂ ಎಲ್ಲರಿಗಲ್ಲ. ತಪ್ಪು ಬಾಗಿಲಿಗೆ ಹೋದ ಒಳ್ಳೆಯ ಅರ್ಜಿಯೂ ವಾಪಸ್ ಬರುತ್ತದೆ.

ಇನ್ನೂ ಶುರು ಮಾಡದವರು, ಕೈಕೆಲಸ ಕಲಿಯಬೇಕಾದವರು ಮೊದಲು ತರಬೇತಿಗೆ ಹೋಗಬೇಕು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ವಿಜಯಪುರದಲ್ಲಿದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ನಡೆಸುತ್ತವೆ. ಧಾರವಾಡದ ಸಿಡಾಕ್ (ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ) ಸರ್ಕಾರದ್ದು, ಉದ್ಯಮಶೀಲತಾ ತರಬೇತಿ ಕೊಡುತ್ತದೆ.

ಧಂದೆ ನಡೆಯುತ್ತಿದೆ, ಬೆಳೆಯುತ್ತಿಲ್ಲ ಎನ್ನುವ ರೊಟ್ಟಿ, ಚಟ್ನಿ ಪುಡಿ, ಖಣ, ಹೊಲಿಗೆ ಘಟಕಗಳಿಗೆ ಹತ್ತಿರದ ದೊಡ್ಡ ಹೆಸರು ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್. ಅದರ ನವೋದ್ಯಮಿ ಕಾರ್ಯಕ್ರಮ ಉತ್ತರ ಕರ್ನಾಟಕದ ಕಿರು ಉದ್ಯಮಿಗಳಿಗೆಂದೇ ಇರುವಂಥದ್ದು. ಕರೆಂಟು ಕೈಕೊಡುವುದರಿಂದ ಕೆಲಸ ನಿಲ್ಲುವವರು, ಸೌರಶಕ್ತಿಯ ಮೇಲೆ ರೊಟ್ಟಿ ಯಂತ್ರ ಅಥವಾ ಹೊಲಿಗೆ ಯಂತ್ರ ಓಡಿಸುವ ಯೋಚನೆ ಇರುವವರು ಸೆಲ್ಕೋ ಫೌಂಡೇಶನ್‌ನ ಕಡೆ ನೋಡಬಹುದು.

ಹೊಸ ತಂತ್ರಜ್ಞಾನ ಕಟ್ಟುತ್ತಿರುವವರಿಗೆ, ಅಂದರೆ ಸಾಫ್ಟ್‌ವೇರ್, ಕೃಷಿ ಉಪಕರಣ, ಸಾಧನ ವಿನ್ಯಾಸದವರಿಗೆ, ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಉದ್ಯಮಿಗಳ ಜಾಲವಾದ ಟೈ ಹುಬ್ಬಳ್ಳಿ, ಬೆಂಗಳೂರಿನ ಐಐಎಂನ ಉದ್ಯಮ ಪೋಷಣಾ ಕೇಂದ್ರ ಎನ್‌ಎಸ್‌ಆರ್‌ಸೆಲ್ ಸರಿಯಾದ ಜಾಗ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ, ಆದರೆ ಅದು ಹೊಸ ಆವಿಷ್ಕಾರಕ್ಕೆ. ಎರಡನೇ ರೊಟ್ಟಿ ಒಲೆಗೆ ಅಲ್ಲ.

ಅಂತರರಾಷ್ಟ್ರೀಯ ಸಂಸ್ಥೆಗಳ ಜಾತಿ ಬೇರೆ. 1997ರಲ್ಲಿ ಶುರುವಾದ ನ್ಯೂಯಾರ್ಕಿನ ಎಂಡೆವರ್, ಬೆಳೆಯುತ್ತಿರುವ ದೇಶಗಳಲ್ಲಿ ಆಗಲೇ ನೆಲೆ ಕಂಡು ವೇಗವಾಗಿ ಹಿಗ್ಗುತ್ತಿರುವ ಕಂಪನಿಗಳ ಸ್ಥಾಪಕರನ್ನು ಆರಿಸುತ್ತದೆ. ಹಲವು ಸುತ್ತಿನ ಪರಿಶೀಲನೆಯ ನಂತರ ಕೊನೆಯ ಆಯ್ಕೆ ಮಂಡಳಿಯಲ್ಲಿ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ಇಲ್ಲ. 1968ರ ಟೆಕ್ನೋಸರ್ವ್ ರೈತ ಗುಂಪು ಮತ್ತು ಸಣ್ಣ ಉದ್ಯಮಗಳ ಜೊತೆ ಕೆಲಸ ಮಾಡುತ್ತದೆ, ಅದೂ ಸಾಮಾನ್ಯವಾಗಿ ಒಂದು ಬೆಳೆ ಅಥವಾ ಪ್ರದೇಶದ ಯೋಜನೆ ಹಾಕಿಕೊಂಡು. ದೊಡ್ಡ ಹೆಸರು ಕಂಡು ಅರ್ಜಿ ಒಗೆಯುವ ಮೊದಲು ಅವರು ಈಗಾಗಲೇ ಆರಿಸಿದ ಐದು ಉದ್ಯಮಗಳನ್ನು ನೋಡಿ. ನಿಮ್ಮ ಅಳತೆಯವರು ಒಬ್ಬರೂ ಇಲ್ಲದಿದ್ದರೆ ಮುಂದಿನ ಬಾಗಿಲಿಗೆ ಹೋಗಿ.

### ನಕಲಿಗಳ ಗುರುತು

ಲಾಭರಹಿತ ಎಂದು ಹೇಳಿಕೊಂಡು ರೊಕ್ಕ ಕೀಳುವವರೂ ಇದ್ದಾರೆ. ಸೆಕ್ಷನ್ 8 ಕಂಪನಿ (ಲಾಭರಹಿತ ಕಂಪನಿ) ಎಂದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಸಿಗಬೇಕು. ಟ್ರಸ್ಟ್ ಅಥವಾ ಸೊಸೈಟಿ ಎಂದರೆ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಎನ್‌ಜಿಒ ದರ್ಪಣ್ ತಾಣದಲ್ಲಿಯೂ ಹುಡುಕಿ. ನೋಂದಣಿ ಇದ್ದ ಮಾತ್ರಕ್ಕೆ ಕೆಲಸ ಚಲೋ ಎಂದಲ್ಲ. ಇಲ್ಲದಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ಸಾಲ ಮಂಜೂರಾತಿಯ ಖಾತ್ರಿ ಕೊಡುವುದು, ಸಹಾಯಧನದಲ್ಲಿ ಪಾಲು ಕೇಳುವುದು, ಖಾಲಿ ಚೆಕ್ ಅಥವಾ ಒಟಿಪಿ ಕೇಳುವುದು, ಉದ್ಯಮ್ ಪ್ರಮಾಣಪತ್ರಕ್ಕೆ ಶುಲ್ಕ ಹೇಳುವುದು, ಇವುಗಳಲ್ಲಿ ಒಂದು ಕಂಡರೂ ಎದ್ದು ಬನ್ನಿ. ಉದ್ಯಮ್ ನೋಂದಣಿ ಸರ್ಕಾರದ ತಾಣದಲ್ಲಿ ಪೂರ್ತಿ ಉಚಿತ. ಕಾರ್ಯಕ್ರಮಕ್ಕೆ ಸಣ್ಣ ಶುಲ್ಕ ಇಡುವ ಒಳ್ಳೆಯ ಸಂಸ್ಥೆಗಳೂ ಇವೆ. ಅವು ರಸೀದಿ ಕೊಡುತ್ತವೆ, ಯಾತಕ್ಕೆಂದು ಬರೆದೂ ಕೊಡುತ್ತವೆ. ಇನ್‌ಕ್ಯುಬೇಟರ್‌ಗಳು (ಹೊಸ ಕಂಪನಿ ಪೋಷಿಸುವ ಕೇಂದ್ರಗಳು) ಬೀಜಧನ, ಅಂದರೆ ಶುರುವಿನ ಬಂಡವಾಳ, ಹಾಕಿ ಕಂಪನಿಯಲ್ಲಿ ಪಾಲು ಕೇಳುವುದೂ ಉಂಟು, ಅದು ಮೋಸವಲ್ಲ. ಆದರೆ ಎಷ್ಟು ಪಾಲು, ಯಾವಾಗ, ಯಾವ ಬೆಲೆಗೆ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸದೆ ಸಹಿ ಮಾಡಬೇಡಿ.

## ಹಂತ 6: ಕಾಗದಪತ್ರ

ಇದು ಒಂದು ದಿನದ ಕೆಲಸ, ಮೊದಲೇ ಮಾಡಿಟ್ಟರೆ. ಆಧಾರ್, ಪ್ಯಾನ್, ಉದ್ಯಮ್ ಪ್ರಮಾಣಪತ್ರ, ಹನ್ನೆರಡು ತಿಂಗಳ ಬ್ಯಾಂಕ್ ಹೇಳಿಕೆ, ಆಹಾರದವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಜಿಎಸ್‌ಟಿ ಇದ್ದರೆ ರಿಟರ್ನ್‌ಗಳು, ಇರುವ ಸಾಲಗಳ ಪಟ್ಟಿ. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದಾಗ ಜಿಎಸ್‌ಟಿ ನೋಂದಣಿ ಕಡ್ಡಾಯ, ಸೇವೆಗೆ 20 ಲಕ್ಷ. ಬೇರೆ ರಾಜ್ಯಕ್ಕೆ ಮಾಲು ಕಳಿಸುವವರ ನಿಯಮ ಬೇರೆ. ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ ಪಕ್ಕದೂರೇ ಅನ್ನಿಸಿದರೂ ಜಿಎಸ್‌ಟಿಗೆ ಅದು ಹೊರರಾಜ್ಯ.

ಹೆಸರಿನ ಕಾಗುಣಿತ ಎಲ್ಲ ಕಾಗದದಲ್ಲೂ ಒಂದೇ ಇರಲಿ. ಆಧಾರ್‌ನಲ್ಲಿ ಅಡ್ಡಹೆಸರು ಇದ್ದು ಪ್ಯಾನ್‌ನಲ್ಲಿ ಇಲ್ಲದಿದ್ದರೆ, ಬಿಜಾಪುರ ಒಂದರಲ್ಲಿ, ವಿಜಯಪುರ ಇನ್ನೊಂದರಲ್ಲಿ ಇದ್ದರೆ ಆನ್‌ಲೈನ್ ಫಾರಂ ತಕರಾರು ಎತ್ತುತ್ತದೆ. ಸಾಲ ಮುಚ್ಚಿಡಬೇಡಿ. ಸ್ವಸಹಾಯ ಸಂಘದ್ದು, ಚಿನ್ನದ್ದು, ಕೈಗಡ ಎಲ್ಲವೂ ಪಟ್ಟಿಯಲ್ಲಿರಲಿ. ಆಮೇಲೆ ಗೊತ್ತಾದರೆ ಸಾಲಕ್ಕಿಂತ ಮುಚ್ಚಿಟ್ಟದ್ದೇ ಭಾರವಾಗುತ್ತದೆ.

## ಹಂತ 7: ಅರ್ಜಿ ಬರೆಯುವುದು

ಈಗ ಬರೆಯಿರಿ. ನಾಲ್ಕನೇ ಹಂತದ ವಾಕ್ಯವೇ ಅರ್ಜಿಯ ಮೊದಲ ಸಾಲು. ನಂತರ ಎರಡನೇ ಹಂತದ ಬೆಲೆ, ಮೂರನೇ ಹಂತದ ಬಾಕಿ, ಈವರೆಗೆ ನೀವೇ ಏನು ಮಾಡಿ ನೋಡಿದಿರಿ, ಅದು ಯಾಕೆ ಆಗಲಿಲ್ಲ. ಕೊನೆಗೆ ಮಾರ್ಗದರ್ಶಕರಿಂದ ಬೇಕಾದದ್ದು. "ನಮ್ಮ ಉತ್ತರ ಕರ್ನಾಟಕದ ಸೊಗಡನ್ನು ಜಗತ್ತಿಗೆ ತಲುಪಿಸುವ" ಎಂಬ ಸಾಲು ಎಲ್ಲಿಯಾದರೂ ನುಸುಳಿದ್ದರೆ ಹೊಡೆದುಹಾಕಿ. ಅದನ್ನು ಓದುವವರು ಅದೇ ವಾರದಲ್ಲಿ ಹತ್ತು ಸಲ ಓದಿರುತ್ತಾರೆ.

"ಮಾಡಿ ನೋಡಿ ಸೋತದ್ದು" ಎಂಬ ಭಾಗವನ್ನು ಬಿಡುವವರು ಬಹಳ. ಸೋಲು ಬರೆದರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯ. ವಾಸ್ತವದಲ್ಲಿ ಆಯ್ಕೆಗಾರರು ಮೊದಲು ಓದುವ ಭಾಗವೇ ಅದು: ಹೇಳಿದ್ದನ್ನು ಕೇಳಿ, ಮಾಡಿ, ತಿದ್ದಿಕೊಳ್ಳುವ ಮನುಷ್ಯ ಹೌದೋ ಅಲ್ಲವೋ ಎಂದು ಅಲ್ಲಿ ಕಾಣುತ್ತದೆ.

ಕನ್ನಡದಲ್ಲಿ ಬರೆಯಬಹುದೇ ಎಂದು ಫೋನ್ ಮಾಡಿ ಕೇಳಿ. ಪ್ರಾದೇಶಿಕ ಸಂಸ್ಥೆಗಳಲ್ಲಿ ಅದು ತೊಂದರೆಯಾಗುವುದು ಅಪರೂಪ. ಇಂಗ್ಲಿಷ್‌ನಲ್ಲೇ ಬೇಕೆಂದರೆ ಕನ್ನಡದಲ್ಲಿ ಬರೆದು ಅನುವಾದ ಮಾಡಿಸಿ, ಅಂಕಿಗಳನ್ನು ನೀವೇ ಮರುಪರಿಶೀಲಿಸಿ. ಸೈಬರ್ ಕೆಫೆಯವರು 1.10ನ್ನು 110 ಮಾಡಿಟ್ಟರೆ ಹೊಣೆ ನಿಮ್ಮದೇ.

## ಹಂತ 8: ಘಟಕಕ್ಕೆ ಅವರು ಬಂದಾಗ

ಮಾಮೂಲಿ ದಿನದಂತೆ ಕೆಲಸ ನಡೆಯುತ್ತಿರಲಿ. ಅವರು ಬರುತ್ತಾರೆಂದು ಕೆಲಸ ನಿಲ್ಲಿಸಿ ಹಾರ, ಶಾಲು, ಉಪ್ಪಿಟ್ಟಿನ ತಯಾರಿ ಮಾಡಿದರೆ ಅವರಿಗೆ ನೋಡಬೇಕಾದದ್ದೇ ಕಾಣುವುದಿಲ್ಲ. ಒಂದು ಕಪ್ ಚಹಾ ಸಾಕು.

ಅವರ ಕಣ್ಣು ಹೋಗುವುದು ಕಚ್ಚಾ ಮಾಲಿನ ಚೀಲದ ಮೇಲಿನ ದಿನಾಂಕ, ಪೊಟ್ಟಣದ ಮೇಲಿನ ತೂಕ, ತಾರೀಖು, ಬೆಲೆ, ಕೂಲಿಯವರ ಹಾಜರಿ ಪುಸ್ತಕ, ಮೂಲೆಯಲ್ಲಿ ಬಿದ್ದ ಮಾರಾಟವಾಗದ ಮಾಲಿನ ಕಡೆ. ಕೆಲಸದವರನ್ನೂ ಮಾತಾಡಿಸುತ್ತಾರೆ. ಲೆಕ್ಕ ಮಾಡುವವರು ಹೆಂಡತಿ, ಸಂದರ್ಶನಕ್ಕೆ ಕೂರುವವರು ಗಂಡ ಎಂಬ ಏರ್ಪಾಡು ಇಲ್ಲಿ ಬಯಲಾಗುತ್ತದೆ. ನಿಜವಾಗಿ ಧಂದೆ ನಡೆಸುವವರೇ ಎದುರು ಕೂರಲಿ, ಇನ್ನೊಬ್ಬರು ಪಕ್ಕದಲ್ಲಿರಲಿ.

ಗೊತ್ತಿಲ್ಲದ ಪ್ರಶ್ನೆಗೆ "ಬಹಿ ನೋಡಿ ಹೇಳ್ತೀನ್ರಿ" ಎಂದರೆ ಸಾಕು. ಅಂದಾಜಿಗೆ ಒಂದು ಅಂಕಿ ಒಗೆದು, ಅದು ಹತ್ತು ನಿಮಿಷದ ನಂತರ ಇನ್ನೊಂದು ಅಂಕಿಗೆ ಬಡಿದರೆ ರಿಪೇರಿ ಮಾಡುವುದು ಕಷ್ಟ. ನೀವೂ ಕೇಳಿ: ಮಾರ್ಗದರ್ಶಕರು ಯಾವ ಧಂದೆಯವರು, ತಿಂಗಳಿಗೆ ಎಷ್ಟು ತಾಸು, ಎಷ್ಟು ತಿಂಗಳು, ನಮ್ಮ ಫೋಟೊ ಮತ್ತು ಅಂಕಿಗಳನ್ನು ಎಲ್ಲಿ ಬಳಸುತ್ತೀರಿ, ಹೊಂದಾಣಿಕೆ ಆಗದಿದ್ದರೆ ಬದಲಿಸಬಹುದೇ.

## ಹಂತ 9: ಮೊದಲ ತೊಂಬತ್ತು ದಿನ

ಆಯ್ಕೆಯಾದ ಮೇಲೆ ಸೋಲುವವರು, ಆಗದೆ ಸೋತವರಿಗಿಂತ ಕಡಿಮೆಯೇನಿಲ್ಲ. ಭೇಟಿಗೆ ಎರಡು ದಿನ ಮುಂಚೆ ಒಂದೇ ಪುಟ ವಾಟ್ಸಾಪ್ ಮಾಡಿ. ಅದರಲ್ಲಿ ಕಳೆದ ಸಲ ಒಪ್ಪಿಕೊಂಡ ಕೆಲಸ ಆಯಿತೋ ಇಲ್ಲವೋ, ಈ ತಿಂಗಳ ಮಾರಾಟ, ನಗಕ್ಕೆ ಉಳಿದದ್ದು, ಬರಬೇಕಾದ ಬಾಕಿ, ಕೈಯಲ್ಲಿರುವ ರೊಕ್ಕ, ಮತ್ತು ಒಂದೇ ಒಂದು ಪ್ರಶ್ನೆ. ಐದು ಪ್ರಶ್ನೆ ಒಯ್ದರೆ ಐದಕ್ಕೂ ತೇಲಿಸಿದ ಉತ್ತರ ಸಿಗುತ್ತದೆ.

ಸಲಹೆ ಸಿಕ್ಕ ಕೂಡಲೇ ಇಡೀ ಧಂದೆಗೆ ಹಚ್ಚಬೇಡಿ. ಚಿಕ್ಕದಾಗಿ, ಅದಕ್ಕೂ ಮೊದಲು ಕಾಗದದ ಮೇಲೆ ಮಾಡಿ ನೋಡಿ. ರೊಟ್ಟಿಯ ಉದ್ರಿ ತೊಂದರೆಗೇ ಬನ್ನಿ. ಮಾರ್ಗದರ್ಶಕರು "ವಾರಕ್ಕೊಮ್ಮೆ ಕೊಡುವವರಿಗೆ ರೊಟ್ಟಿಗೆ 20 ಪೈಸೆ ಬಿಡ್ರಿ" ಎಂದರು ಎನ್ನೋಣ. ಕೇಳಲು ಚಲೋ ಇದೆ. ಅರ್ಧ ಮಾರಾಟ, ಅಂದರೆ ತಿಂಗಳಿಗೆ 6,500 ರೊಟ್ಟಿ ವಾರದ ಲೆಕ್ಕಕ್ಕೆ ಬಂದರೆ, ಆ ಭಾಗದಲ್ಲಿ ಸಿಕ್ಕಿಬಿದ್ದಿದ್ದ 38,350 ರೂಪಾಯಿ 8,850ಕ್ಕೆ (ವಾರದ 1,500 ರೊಟ್ಟಿಯ ಖರ್ಚು) ಇಳಿಯುತ್ತದೆ. 29,500 ಕೈಗೆ ಬರುತ್ತದೆ. ಆದರೆ 20 ಪೈಸೆಯಂತೆ ತಿಂಗಳಿಗೆ 1,300 ರೂಪಾಯಿ ಬಿಡುತ್ತೀರಿ. ಅದೇ 29,500ನ್ನು ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ತಂದರೂ ಬಡ್ಡಿ 590. ಬರೀ ರೊಕ್ಕದ ಲೆಕ್ಕ ನೋಡಿದರೆ ರೊಟ್ಟಿಗೆ 9 ಪೈಸೆಗಿಂತ ಹೆಚ್ಚು ಬಿಡುವುದು ನಷ್ಟ. ಮುಳುಗುವ ಬಾಕಿಯ ಭಯವಿರುವ ಅಂಗಡಿಗಳಿಗೆ ಮಾತ್ರ ಸ್ವಲ್ಪ ಹೆಚ್ಚು ಬಿಟ್ಟರೂ ನಡೆದೀತು. ಈ ಹಾಳೆಯನ್ನು ಮುಂದಿನ ಭೇಟಿಗೆ ಒಯ್ಯಿರಿ. ಸಲಹೆಗೆ ಎದುರುತ್ತರ ಕೊಟ್ಟಂತಾಗುತ್ತದೆ ಎಂದು ಹಿಂಜರಿಯಬೇಕಿಲ್ಲ; ಒಳ್ಳೆಯ ಮಾರ್ಗದರ್ಶಕರು ಕಾಯುವುದೇ ಇಂಥ ಹಾಳೆಗೆ.

ಆಮೇಲೆ ಎಂಟರಲ್ಲಿ ಮೂರು ಅಂಗಡಿ ಆರಿಸಿ, ನಾಲ್ಕು ವಾರ ಪ್ರಯೋಗ ಮಾಡಿ. ಮೊದಲೇ ಬರೆದಿಡಿ: ಮೂರರಲ್ಲಿ ಎರಡು ಅಂಗಡಿ ನಾಲ್ಕು ವಾರವೂ ತಪ್ಪದೆ ಕೊಟ್ಟರೆ ಮುಂದುವರಿಕೆ, ಇಲ್ಲದಿದ್ದರೆ ನಿಲ್ಲಿಸುವುದು. ಮೊದಲೇ ಬರೆಯದಿದ್ದರೆ ಕೊನೆಗೆ ಯಾವ ಫಲಿತಾಂಶವೂ ಚಲೋ ಆಗಿಯೇ ಕಾಣುತ್ತದೆ.

ಕೆಡುತ್ತಿರುವ ಲಕ್ಷಣಗಳು ಬೇಗ ಕಾಣುತ್ತವೆ. ಸತತ ಎರಡು ಭೇಟಿ ಮುಂದೆ ಹೋದವು, ಒಪ್ಪಿಕೊಂಡ ಕೆಲಸ ಮೂರು ಸಲ ಅದೇ ಉಳಿಯಿತು, ಮಾರ್ಗದರ್ಶಕರು ನಿಮ್ಮ ಅಂಕಿ ಕೇಳದೆ ತಮ್ಮ ಹಳೆಯ ಕತೆಗಳನ್ನೇ ಹೇಳುತ್ತಿದ್ದಾರೆ, ಅಥವಾ ತಮ್ಮ ಪರಿಚಯದವರಿಂದಲೇ ಯಂತ್ರ ಕೊಳ್ಳಿರೆಂದು ಒತ್ತಾಯಿಸುತ್ತಿದ್ದಾರೆ. ಕೊನೆಯದು ಕಂಡರೆ ಸಂಸ್ಥೆಯ ಸಂಯೋಜಕರಿಗೆ ಅವತ್ತೇ ತಿಳಿಸಿ. ಉಳಿದವಕ್ಕೆ ಮೊದಲು ನಿಮ್ಮ ಒಂದು ಪುಟ ಹೋಗುತ್ತಿದೆಯೋ ನೋಡಿಕೊಳ್ಳಿ.

## ಹಂತ 10: ಆಯ್ಕೆ ಆಗದಿದ್ದರೆ

ಕಾರಣ ಕೇಳಿ ಒಂದು ಮೇಲ್ ಅಥವಾ ಫೋನ್ ಮಾಡಿ. "ಯಾಕೆ ಕೊಡಲಿಲ್ಲ" ಎಂದು ಕೇಳಿದರೆ ಸೌಜನ್ಯದ ಉತ್ತರ ಬರುತ್ತದೆ; "ಮುಂದಿನ ಸಲಕ್ಕೆ ಯಾವ ಒಂದು ಅಂಕಿ ಬದಲಾಗಿರಬೇಕು" ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಬರುತ್ತದೆ. ಆರು ತಿಂಗಳು ಕೀರ್ದಿ ಮುಂದುವರಿಸಿ. ಎರಡನೇ ಅರ್ಜಿಯಲ್ಲಿ ಹಳೆಯ ಅಂಕಿ, ಹೊಸ ಅಂಕಿ ಪಕ್ಕಪಕ್ಕ ಬರೆದು, ನಡುವೆ ಏನು ಮಾಡಿದಿರಿ ಎಂದು ಎರಡು ಸಾಲು ಹಾಕಿ. ಗಾಣದವರು ಮತ್ತು ಒಣದ್ರಾಕ್ಷಿಯವರು ಆರು ತಿಂಗಳಿಗೆ ಬದಲು ಮುಂದಿನ ಹಂಗಾಮಿನ ಮಾಲು ಮಾರಿ ಮುಗಿಯುವವರೆಗೆ ಕಾಯಲಿ, ನಡುವೆ ಹಾಕಿದರೆ ತೋರಿಸಲು ಹೊಸ ಅಂಕಿಯೇ ಇರುವುದಿಲ್ಲ.